ಕೆಂಡದ ಅಡುಗೆಗೆ ಜೊತೆಯಾಗಲು ಯಾವ ಕುಸ್‌ಕುಸ್?

ಬಾರ್ಬೆಕ್ಯೂ ಊಟ ಹೇಳಿದ ಹೊತ್ತಿಗೆ ಆಗುವುದಿಲ್ಲ. ಕೆಂಡ ಹದಕ್ಕೆ ಬರಬೇಕು, ಮಾಂಸ ಬೇಯಬೇಕು, ಬಂದವರ ಮಾತು ಮುಗಿಯಬೇಕು. ಹಾಗಾಗಿ ಪಕ್ಕದಲ್ಲಿಡುವ, ಗೋಧಿ ರವೆಯ ಕಾಳುಗಳಿಂದಾದ ಕುಸ್‌ಕುಸ್ ಕಲಸಿದ ಕೂಡಲೇ ಎಷ್ಟು ರುಚಿ ಅನ್ನುವುದಕ್ಕಿಂತ, ಮುಕ್ಕಾಲು ಗಂಟೆ ಮೇಜಿನ ಮೇಲೆ ಕಾದ ನಂತರ ಹೇಗಿರುತ್ತದೆ ಅನ್ನುವುದೇ ನನಗೆ ಮುಖ್ಯ. ನಾಲ್ಕು ಬಗೆಗಳನ್ನು ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಮೂರು ಬಗೆಗಳಿಗೆ ಬಳಸಿದ್ದು ಸಣ್ಣ ಕಾಳಿನ ದಿಢೀರ್ ಕುಸ್‌ಕುಸ್. ಡ್ಯೂರಂ ಗೋಧಿಯ ರವೆಯನ್ನು ಸಣ್ಣ ಸಣ್ಣ ಕಾಳಾಗಿಸಿ, ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು ಅದು. ಮೊರಾಕೊ, ಅಲ್ಜೀರಿಯಾ, ಟುನೀಷಿಯಾದವರು ಮತ್ತೆ ಮತ್ತೆ ಹಬೆಯಲ್ಲಿಟ್ಟು ಕೈಯಿಂದ ಬಿಡಿಸಿ ಮಾಡುವ ಕುಸ್‌ಕುಸ್‌ನ ಹಗುರ ಇದಕ್ಕೆ ಬಾರದು. ಆದರೆ ಕೆಲಸ ಬಲು ಸಲೀಸು: ಒಂದು ಕಪ್ಪಿಗೆ ಒಂದು ಕಪ್ ಕುದಿಯುವ ನೀರು, ಉಪ್ಪು, ಒಂದು ಚಮಚ ಆಲಿವ್ ಎಣ್ಣೆ, ಐದು ನಿಮಿಷ ಮುಚ್ಚಿಟ್ಟು ಫೋರ್ಕಿನಿಂದ ಬಿಡಿಸಿದರೆ ಆಯಿತು. ಚಮಚದಿಂದ ಕಲಸಬೇಡಿ, ಮುದ್ದೆಯಾಗುತ್ತದೆ. ತರಕಾರಿ ಸೇರಿಸುವುದಿದ್ದರೆ ನಾನು ನೀರನ್ನು ಎರಡು ಚಮಚ ಕಡಿಮೆ ಹಾಕುತ್ತೇನೆ, ಉಳಿದ ತೇವ ತರಕಾರಿಯಿಂದಲೇ ಬರುತ್ತದೆ.

ಪಾರ್ಸ್ಲಿ, ಪುದೀನ, ಸೌತೆಕಾಯಿ, ಟೊಮೆಟೊ, ನಿಂಬೆರಸದ ಬಗೆ ಎಲ್ಲರಿಗೂ ಮೊದಲು ನೆನಪಾಗುವುದು. ಕೊಬ್ಬಿರುವ ಮಾಂಸದ ಜೊತೆ ಬಾಯಿಗೆ ತಂಪು. ಆದರೆ ಕಾಯುವ ಪರೀಕ್ಷೆಯಲ್ಲಿ ಸೋಲುವುದೂ ಇದೇ. ಸೌತೆಕಾಯಿ ನೀರು ಬಿಡುತ್ತದೆ, ನಿಂಬೆಯ ಹುಳಿಗೆ ಸೊಪ್ಪಿನ ಹಸಿರು ಮಂಕಾಗುತ್ತದೆ. ಸೌತೆಗೆ ಉಪ್ಪು ಹಚ್ಚಿ ಕಾಲು ಗಂಟೆ ಬಿಟ್ಟು ಹಿಂಡಿ, ಟೊಮೆಟೊದ ಬೀಜ ತೆಗೆದು, ಸೊಪ್ಪು ಮತ್ತು ನಿಂಬೆಯನ್ನು ಬಡಿಸುವಾಗ ಸೇರಿಸಿದರೆ ಪರವಾಗಿಲ್ಲ.

ಕಾಬೂಲಿ ಕಡಲೆ, ಒಣದ್ರಾಕ್ಷಿಯದು ಇದಕ್ಕೆ ತದ್ವಿರುದ್ಧ. ಕಾದಷ್ಟೂ ರುಚಿ ಕೂಡುತ್ತದೆ. ಎಣ್ಣೆಯಲ್ಲಿ ಜೀರಿಗೆ ಸಿಡಿಸಿ, ಚಿಟಿಕೆ ದಾಲ್ಚಿನ್ನಿ ಪುಡಿ ಹಾಕಿ, ಬೆಂದ ಕಡಲೆಯನ್ನು ಅದರಲ್ಲಿ ಹೊರಳಾಡಿಸಿ. ದ್ರಾಕ್ಷಿಯನ್ನು ಕುಸ್‌ಕುಸ್ ಜೊತೆಗೇ ಬಿಸಿನೀರಿಗೆ ಹಾಕಿದರೆ ಅದೂ ಉಬ್ಬಿಕೊಳ್ಳುತ್ತದೆ. ಬರೀ ಉಪ್ಪು, ಮೆಣಸು ಹಚ್ಚಿ ಸುಟ್ಟ ಕೋಳಿಗೆ, ಕುರಿಮಾಂಸಕ್ಕೆ ಇದು ಹೇಳಿ ಮಾಡಿಸಿದ ಜೋಡಿ. ಸಿಹಿ ಬಾರ್ಬೆಕ್ಯೂ ಸಾಸ್ ಬಳಿದ ಮಾಂಸಕ್ಕೆ ಮಾತ್ರ ಬೇಡ, ಸಿಹಿಯ ಮೇಲೆ ಸಿಹಿ ಬಿದ್ದು ನಾಲಿಗೆ ಜಡ್ಡುಗಟ್ಟುತ್ತದೆ.

ಮುತ್ತಿನಂಥ ದಪ್ಪ ಕಾಳಿನದು ಬೇರೆಯೇ ಜಾತಿ. 1950ರ ದಶಕದಲ್ಲಿ ಇಸ್ರೇಲಿನಲ್ಲಿ ಅಕ್ಕಿಗೆ ಬದಲಾಗಿ ಹುಟ್ಟಿಕೊಂಡದ್ದು. ಎಣ್ಣೆಯಲ್ಲಿ ಹೊಂಬಣ್ಣ ಬರುವಷ್ಟು ಹುರಿದು, ಪಾಸ್ತಾದಂತೆ ಎಂಟು ಹತ್ತು ನಿಮಿಷ ಕುದಿಸಬೇಕು. ಮುದ್ದೆಯಾಗುವ ಭಯ ಕಡಿಮೆ, ಅಗಿಯಲು ಚೆಂದ, ಫೆಟಾ ಚೀಸ್ ಜೊತೆ ಹೊಂದುತ್ತದೆ. ಎಣ್ಣೆ, ಹುಳಿಯನ್ನು ಹೀರಿಕೊಂಡು ಸಪ್ಪೆಯಾಗುವುದರಿಂದ ಅವೆರಡರಲ್ಲೂ ಅರ್ಧವನ್ನು ಕೊನೆಗೆ ಸೇರಿಸಲು ಉಳಿಸಿಕೊಳ್ಳಿ.

ನನ್ನ ಮೊದಲ ಆಯ್ಕೆ ಸುಟ್ಟ ತರಕಾರಿಯದು. ಮಾಂಸವಿಡುವ ಮುಂಚೆ, ಕೆಂಡ ಜೋರಾಗಿರುವಾಗ, ಇಡೀ ಕೆಂಪು ಕ್ಯಾಪ್ಸಿಕಂ ಇಟ್ಟು ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ತಿರುಗಿಸಿ. ಬಟ್ಟಲಲ್ಲಿ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ತನ್ನ ಹಬೆಗೆ ತಾನೇ ಸಿಪ್ಪೆ ಬಿಡುತ್ತದೆ. ಸಿಪ್ಪೆಯನ್ನು ಬೆರಳಿನಿಂದ ಜಾರಿಸಿ ತೆಗೆಯಿರಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಹೊಗೆಯ ಪರಿಮಳವೆಲ್ಲ ನೀರಿನ ಪಾಲಾಗುತ್ತದೆ. ಬಟ್ಟಲಿನ ತಳದಲ್ಲಿ ಎರಡು ಚಮಚದಷ್ಟು ಕೆಂಪು ರಸ ನಿಂತಿರುತ್ತದಲ್ಲ, ಅದೇ ಈ ಅಡುಗೆಯ ಜೀವ. ಅದನ್ನು ಕುಸ್‌ಕುಸ್‌ಗೆ ಸುರಿದು, ಬೆರಳು ದಪ್ಪಕ್ಕೆ ಹೆಚ್ಚಿ ಸುಟ್ಟ ಬದನೆ, ಜುಕಿನಿ, ಈರುಳ್ಳಿಯನ್ನು ಬಿಸಿಯಿರುವಾಗಲೇ ಸೇರಿಸಿ, ಮೇಲೆ ಸ್ವಲ್ಪ ವಿನೆಗರ್. ತರಕಾರಿಯ ನೀರೆಲ್ಲ ಕೆಂಡದ ಮೇಲೇ ಹೋಗಿರುವುದರಿಂದ ಎಷ್ಟು ಹೊತ್ತಾದರೂ ಉದುರುದುರಾಗಿಯೇ ಇರುತ್ತದೆ. ಮಾಂಸ ತಿನ್ನದವರಿಗೂ ಅದೇ ಹೊಗೆಯ ರುಚಿ ಸಿಗುತ್ತದೆ ಅನ್ನುವುದು ನನಗೆ ಎಲ್ಲಕ್ಕಿಂತ ಹೆಚ್ಚಿನ ಸಮಾಧಾನ. ಗ್ರಿಲ್ ತೀರಾ ಚಿಕ್ಕದಾಗಿದ್ದರೆ ಮಾತ್ರ ಜಾಗಕ್ಕೆ ಪರದಾಟ. ಆಗ ಕಡಲೆಯದನ್ನೇ ಮಾಡಿ.

ಯಾವುದನ್ನೇ ಮಾಡಿದರೂ ಬಟ್ಟಲು ನೆರಳಲ್ಲಿರಲಿ. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಒಂದು ಗಂಟೆ, ಅದಕ್ಕಿಂತ ತಂಪಿದ್ದರೆ ಎರಡು ಗಂಟೆ. ಅಷ್ಟರೊಳಗೆ ಖಾಲಿಯಾಗದ್ದನ್ನು ಫ್ರಿಜ್‌ಗೆ ಸೇರಿಸಿಬಿಡಿ.