ಕವರ್ ಲೆಟರ್: ಒಂದು ಪುಟವೋ, ಅರ್ಧ ಪುಟವೋ, ಐದಾರು ಸಾಲೋ?

ರಫ್ತು ದಾಖಲೆಪತ್ರಗಳ ಕೆಲಸಕ್ಕೆಂದು ನವಿ ಮುಂಬೈ, ಅಂಧೇರಿ ಮತ್ತು ಪುಣೆಯ ಚಾಕಣ್ ಭಾಗದ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದ ಅವಧಿಯಲ್ಲಿ ನಾನು ಕವರ್ ಲೆಟರನ್ನು ಮೂರು ಅಳತೆಗಳಲ್ಲಿ ಬರೆದು ಕಳುಹಿಸಿದ್ದೇನೆ: ಎ4 ಹಾಳೆಯನ್ನು ತುಂಬುವ ಸುಮಾರು 400 ಪದಗಳ ಪತ್ರ, ಅರ್ಧ ಪುಟದಲ್ಲಿ ಮುಗಿಯುವ 200 ಪದಗಳ ಪತ್ರ, ಮತ್ತು ಪ್ರತ್ಯೇಕ ಪತ್ರವೇ ಇಲ್ಲದೆ ಇಮೇಲಿನಲ್ಲೇ ಬರೆದ ಐದಾರು ಸಾಲು. ಮೂರಕ್ಕೂ ರೆಸ್ಯೂಮ್ ಒಂದೇ ಆಗಿತ್ತು, ಭಾಷೆ ಇಂಗ್ಲಿಷೇ ಆಗಿತ್ತು. ನನ್ನ ಒಲವು ಅರ್ಧ ಪುಟದ ಕಡೆಗಿದೆ. ಹಾಗೆಂದು ಉಳಿದ ಎರಡನ್ನು ಪೂರ್ತಿ ತಳ್ಳಿಹಾಕಲಾರೆ.

ಪೂರ್ಣ ಪುಟದ ಪತ್ರ ಉದ್ದವಾಗುವುದು ಬಹುಮಟ್ಟಿಗೆ ಅಭ್ಯಾಸಬಲದಿಂದ. ಇಂದ, ಗೆ, ಮಾನ್ಯರೇ, ವಿಷಯ, ಉಲ್ಲೇಖ, ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶಾಲೆಯಲ್ಲಿ ಪತ್ರಲೇಖನ ಕಲಿತ ನಮಗೆ, ಇಂಗ್ಲಿಷಿನಲ್ಲಿ ಬರೆಯುವಾಗಲೂ ಅದೇ ಚೌಕಟ್ಟು ಕೈಗೆ ಬರುತ್ತದೆ. ವಿಳಾಸ, ದಿನಾಂಕ, ಜಾಹೀರಾತಿನ ಉಲ್ಲೇಖ ಮತ್ತು ವಂದನೆಗಳು ಸೇರಿ ಹಾಳೆಯ ಕಾಲು ಭಾಗವನ್ನು ನುಂಗುತ್ತವೆ. ಉಳಿದ ಜಾಗದಲ್ಲಿ ಪದವಿ, ಹಿಂದಿನ ನೌಕರಿಗಳು, ಬಲ್ಲ ಸಾಫ್ಟ್‌ವೇರುಗಳು ಎಂದು ರೆಸ್ಯೂಮಿನಲ್ಲಿರುವುದೇ ಎರಡನೆಯ ಸಲ ಬರುತ್ತದೆ. ನಿಮಿಷಕ್ಕೆ 200ರಿಂದ 250 ಪದ ಓದುವವರಿಗೂ 400 ಪದಗಳ ಪತ್ರ ಎರಡು ನಿಮಿಷದ ಕೆಲಸ. ಒಂದು ಹುದ್ದೆಗೆ ನೂರಾರು ಅರ್ಜಿ ಬರುವ ಊರಿನಲ್ಲಿ ಅಷ್ಟು ಹೊತ್ತನ್ನು ಅಪರಿಚಿತನೊಬ್ಬನಿಗೆ ಕೊಡುವ ಎಚ್‌ಆರ್ ಸಿಬ್ಬಂದಿ ಇದ್ದಾರೆಂದು ನಾನು ನಂಬುವುದಿಲ್ಲ. ಈ ಅಳತೆಯ ಪತ್ರಗಳಲ್ಲಿ ಹೆಚ್ಚಿನವುಗಳಿಗೆ ಉತ್ತರ ಬರಲಿಲ್ಲ. ಕರೆ ಬಂದ ಕಡೆಗಳಲ್ಲೂ ಪ್ರಶ್ನೆಗಳೆಲ್ಲ ರೆಸ್ಯೂಮಿನಿಂದಲೇ ಹುಟ್ಟಿದವು.

ಆದರೆ ಚಾಕಣ್‌ನ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯ ವಿಷಯದಲ್ಲಿ ಪೂರ್ಣ ಪುಟವೇ ಕೈಹಿಡಿಯಿತು. ಅಲ್ಲಿಯವರೆಗೆ ನಾನು ಕೆಲಸ ಮಾಡಿದ್ದೆಲ್ಲ, ಬೇರೆ ಬೇರೆ ಕಂಪನಿಗಳ ಪರವಾಗಿ ಕಸ್ಟಮ್ಸ್ ಕಾಗದಪತ್ರ ಸಲ್ಲಿಸುವ ಕಸ್ಟಮ್ಸ್ ಬ್ರೋಕರುಗಳ ಬಳಿ. ನ್ಹಾವಾ ಶೇವಾ ಬಂದರಿನಿಂದ ಸರಕು ಕಳುಹಿಸುವ ಹತ್ತಾರು ಗಿರಾಕಿಗಳ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಸಲ್ಲಿಸುವುದು ಒಂದು ಬಗೆಯ ಅನುಭವ. ಒಂದೇ ತಯಾರಕನ ಪರವಾಗಿ ಆರ್ಡರ್ ಬಂದಲ್ಲಿಂದ ಹಣ ಕೈಸೇರುವ ತನಕ ಕಡತ ನೋಡಿಕೊಳ್ಳುವುದು ಬೇರೆಯೇ. ಆ ದಾಟುವಿಕೆ ಏಕೆ, ಮುಂಬೈಯಿಂದ ಪುಣೆಗೆ ಮನೆ ಬದಲಿಸಲು ನಾನು ನಿಜಕ್ಕೂ ಸಿದ್ಧನೇ, ನಡುವೆ ಕೆಲಸವಿಲ್ಲದ ತಿಂಗಳುಗಳು ಏಕೆ ಬಂದವು ಎಂಬ ಮೂರು ಸಂಶಯಗಳನ್ನು ರೆಸ್ಯೂಮ್ ಹುಟ್ಟಿಸುತ್ತಿತ್ತೇ ಹೊರತು ಪರಿಹರಿಸುತ್ತಿರಲಿಲ್ಲ. ಓದುವವರ ಮನಸ್ಸಿನಲ್ಲಿ ಏಳುವುದು ಖಚಿತವಾದ ಇಂತಹ ಪ್ರಶ್ನೆಗಳು ಎರಡಕ್ಕಿಂತ ಹೆಚ್ಚಿದ್ದರೆ ಒಂದು ಪುಟ ದುಬಾರಿಯಲ್ಲ. ಎರಡನೆಯ ಪುಟಕ್ಕೆ ಮಾತ್ರ ನನ್ನ ಮಟ್ಟದ ಹುದ್ದೆಗಳಲ್ಲಿ ಯಾವ ಸಮರ್ಥನೆಯೂ ಇಲ್ಲ.

ಅರ್ಧ ಪುಟ ಬರೆಯಲು ಮೂರರಲ್ಲಿ ಅತ್ಯಂತ ಕಷ್ಟ, ಏಕೆಂದರೆ ಅದರಲ್ಲಿ ಒಂದೇ ಒಂದು ಕೆಲಸವನ್ನು ಹೇಳಲು ಸ್ಥಳವಿರುತ್ತದೆ ಮತ್ತು ಯಾವುದನ್ನು ಹೇಳಬೇಕೆಂದು ನಿರ್ಧರಿಸಲೇಬೇಕಾಗುತ್ತದೆ. ನಾನು ಆರಿಸಿಕೊಂಡದ್ದು 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಯಾದ ಮೇಲೆ ರಫ್ತುದಾರರು ಸರಕಿನ ಮೇಲೆ ಕಟ್ಟಿದ ಐಜಿಎಸ್‌ಟಿ ತೆರಿಗೆಯ ಮರುಪಾವತಿ ಸಿಕ್ಕಿಹಾಕಿಕೊಂಡ ಪ್ರಸಂಗವನ್ನು. ಅನೇಕ ಗಿರಾಕಿಗಳು ಜಿಎಸ್‌ಟಿಗೆ ಒಂದು ಇನ್‌ವಾಯ್ಸ್, ವಿದೇಶದ ಖರೀದಿದಾರನಿಗೆ ಇನ್ನೊಂದು ಇನ್‌ವಾಯ್ಸ್ ಬರೆಯುತ್ತಿದ್ದರು. ಶಿಪ್ಪಿಂಗ್ ಬಿಲ್ಲಿನಲ್ಲಿದ್ದ ಇನ್‌ವಾಯ್ಸ್ ಸಂಖ್ಯೆ ಜಿಎಸ್‌ಟಿಆರ್-1 ಎಂಬ ಮಾರಾಟದ ರಿಟರ್ನಿನಲ್ಲಿದ್ದ ಸಂಖ್ಯೆಗೆ ತಾಳೆಯಾಗದೆ ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ಜಾಲತಾಣದಲ್ಲಿ ಎಸ್‌ಬಿ005 ಎಂಬ ದೋಷ ಕಾಣಿಸುತ್ತಿತ್ತು, ಹಣ ನಿಲ್ಲುತ್ತಿತ್ತು. 2018ರಲ್ಲಿ ಕಸ್ಟಮ್ಸ್ ಇಲಾಖೆ ಎರಡೂ ಇನ್‌ವಾಯ್ಸ್‌ಗಳನ್ನು ಹೊಂದಿಸಿ ತೋರಿಸುವ ಕನ್ಕಾರ್ಡೆನ್ಸ್ ಟೇಬಲ್ ಸಲ್ಲಿಸಲು ಅವಕಾಶ ಕೊಟ್ಟಾಗ, ನಮ್ಮ ಗಿರಾಕಿಗಳ ಹಳೆಯ ಬಿಲ್ಲುಗಳನ್ನೆಲ್ಲ ತೆಗೆದು ಆ ಪಟ್ಟಿ ಸಿದ್ಧಪಡಿಸಿದ್ದು ನಾನು. ರೆಸ್ಯೂಮಿನಲ್ಲಿ ಇದು ‘ಮರುಪಾವತಿ ನಿರ್ವಹಣೆ’ ಎಂಬ ಎರಡು ಪದಗಳಾಗಿ ಬಿದ್ದುಕೊಂಡಿತ್ತು.

ಪತ್ರದಲ್ಲಿ ಇಷ್ಟನ್ನೇ ಐದಾರು ವಾಕ್ಯಗಳಲ್ಲಿ ಬರೆದು, ಅದರ ಮೇಲೆ ಯಾವ ಹುದ್ದೆಗೆ ಅರ್ಜಿ ಎಂಬ ಒಂದು ವಾಕ್ಯ, ಕೆಳಗೆ ಎಂದು ಕೆಲಸಕ್ಕೆ ಸೇರಬಲ್ಲೆ ಎಂಬ ಒಂದು ವಾಕ್ಯ ಇಟ್ಟೆ. ನೋಟಿಸ್ ಅವಧಿಯನ್ನು ಬರೆಯುವುದು ಔಚಿತ್ಯವಲ್ಲವೆಂದು ಕೆಲವರು ಹೇಳುತ್ತಾರೆ. ಮುಂಬೈಯಲ್ಲಿ ಎಚ್‌ಆರ್‌ನವರು ಫೋನಿನಲ್ಲಿ ಮೊದಲು ಕೇಳುವುದೇ ಅದನ್ನು, ಹಾಗಾಗಿ ನಾನು ಬರೆಯುತ್ತೇನೆ. ಈ ಪತ್ರ ಹೋದ ಕಡೆಗಳಿಂದ ಬಂದ ಕರೆಗಳ ಸ್ವರೂಪವೇ ಬೇರೆಯಾಗಿತ್ತು: ಬೇಲಾಪುರದ ಕಂಪನಿಯೊಂದರಲ್ಲಿ ಸಂದರ್ಶನ ಶುರುವಾದದ್ದೇ ಎಸ್‌ಬಿ005ರಿಂದ, ಏಕೆಂದರೆ ಎದುರು ಕುಳಿತಿದ್ದ ಮ್ಯಾನೇಜರ್ ಸಹ ಅದೇ ತಲೆನೋವನ್ನು ಅನುಭವಿಸಿದ್ದರು.

ಇಮೇಲಿನ ಐದಾರು ಸಾಲುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕಂಪನಿಯ ಒಳಗಿರುವ ಪರಿಚಿತರು ಮೊದಲೇ ಒಂದು ಮಾತು ಹೇಳಿಟ್ಟಿದ್ದರೆ ಅದಕ್ಕಿಂತ ಉದ್ದದ ಪತ್ರ ಅನಾವಶ್ಯಕ. ಅವರ ಹೆಸರು ಮೊದಲ ಸಾಲಿನಲ್ಲಿದ್ದರೆ ಸಾಕು, ಉಳಿದದ್ದನ್ನು ಆ ಹೆಸರೇ ನೋಡಿಕೊಳ್ಳುತ್ತದೆ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಹರಡಿಕೊಂಡಿರುವ ನಮ್ಮ ಕನ್ನಡಿಗರ ಬಳಗದಲ್ಲಿ ಇಂತಹ ಒಬ್ಬರು ಸಿಗುವುದು ಅಪರೂಪವೇನಲ್ಲ. ಲೋಕಲ್ ರೈಲಿನಲ್ಲಿ ನಿಂತು ಮೊಬೈಲ್ ನೋಡುವವರಿಗೆ ಒಂದು ಪರದೆಯಲ್ಲಿ ಮುಗಿಯುವ ಇಮೇಲ್ ಅನುಕೂಲವೂ ಹೌದು. ಆದರೆ ಪರಿಚಯವಿಲ್ಲದ ಕಡೆಗೆ ಅಷ್ಟೇ ಸಾಲುಗಳನ್ನು ಕಳುಹಿಸಿದಾಗ, ರೆಸ್ಯೂಮನ್ನು ಸಾಮೂಹಿಕವಾಗಿ ಹಂಚುವವರ ಸಾಲಿಗೆ ನಾನೂ ಸೇರಿಬಿಟ್ಟೆ ಎನಿಸುವಷ್ಟು ಮೌನವೇ ಉತ್ತರವಾಯಿತು.

ಅಳತೆಯಷ್ಟೇ ಮುಖ್ಯವಾದದ್ದು ಪತ್ರವನ್ನು ಎಲ್ಲಿ ಇಡುತ್ತೇವೆ ಎಂಬುದು. ಪೂರ್ಣ ಪುಟವನ್ನು ಪಿಡಿಎಫ್ ಆಗಿ ಲಗತ್ತಿಸಲೇಬೇಕಾಗುತ್ತದೆ, ಅಂದರೆ ಓದುವವರು ರೆಸ್ಯೂಮಿನ ಜೊತೆಗೆ ಇನ್ನೊಂದು ಕಡತವನ್ನೂ ತೆರೆಯಬೇಕು. ಅಕ್ಷರಗಳಿಗೆ ಮಿತಿಯಿಟ್ಟಿರುವ ವೆಬ್‌ಸೈಟುಗಳ ಚೌಕದಲ್ಲಿ ಅದು ನಡುವಾಕ್ಯದಲ್ಲೇ ತುಂಡಾಗುತ್ತದೆ. ಅರ್ಧ ಪುಟಕ್ಕೆ ಈ ತೊಡಕು ಕಡಿಮೆ. ಅದನ್ನು ನಾನು ವಿಳಾಸ, ದಿನಾಂಕಗಳ ತಲೆಬರಹ ಕಳಚಿ ಇಮೇಲಿನ ಒಳಗೇ ಹಾಕಿ, ಹುದ್ದೆಯ ಹೆಸರು ಮತ್ತು ಜಾಹೀರಾತಿನ ಸಂಖ್ಯೆಯನ್ನು ವಿಷಯದ ಸಾಲಿಗೆ ಸಾಗಿಸಿ, ರೆಸ್ಯೂಮನ್ನು ಮಾತ್ರ ಲಗತ್ತಿಸುತ್ತೇನೆ. ಜಾಹೀರಾತಿನಲ್ಲಿ ಕವರ್ ಲೆಟರನ್ನು ಪ್ರತ್ಯೇಕವಾಗಿ ಕೇಳಿದ್ದರಷ್ಟೇ ಅದೇ 200 ಪದಗಳಿಗೆ ತಲೆಬರಹ ಮರಳಿಸಿ ಪಿಡಿಎಫ್ ಮಾಡುತ್ತೇನೆ. ಪುಟದ ಕೆಳಗಿನ ಅರ್ಧ ಖಾಲಿ ಉಳಿದರೆ ಉಳಿಯಲಿ.