ಆರೂವರೆ ಸಾವಿರದ ಕ್ಲಾಸು, ಸಾವಿರದ ಎನ್‌ಪಿಟೆಲ್, ಪುಕ್ಕಟೆ ಜೂಮ್: ಮೂರೂ ಮಾಡಿ ನೋಡಿದೆ

ಹೋದ ವಾರ ಕಮ್ಯುನಿಕೇಶನ್ ಕ್ಲಾಸಿನ ಸರ್ಟಿಫಿಕೇಟ್ ಕೈಗೆ ಬಂತು. ಲ್ಯಾಮಿನೇಶನ್ ಮಾಡಿಸಿ ಊರಿಗೆ ತಗೊಂಡು ಹೋದೆ. ಅಪ್ಪಯ್ಯ ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, "ದುಡ್ಡು ಕೊಟ್ಟು ಮಾತಾಡೋದು ಕಲ್ತ್ಯಾ ಮಾರಾಯ್ತಿ? ಮನೇಲಿ ನಿನ್ನ ಬಾಯಿ ಮುಚ್ಸೋಕೇ ಆಗ್ತಿರ್ಲಿಲ್ಲವಲ್ಲ" ಅಂದರು.

ಮನೆಯಲ್ಲಿ ನಿಜ. ಆದರೆ ಹೋದ ವರ್ಷ ಕಾಲೇಜಿಗೆ ಬಂದ ಕಂಪನಿಯೊಂದರ ಇಂಟರ್‌ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂತ ಇಂಗ್ಲಿಷಲ್ಲಿ ಕೇಳಿದಾಗ ನಾನು ಹೆಸರು, ಊರು ಹೇಳಿ, ಆಮೇಲೆ ಇಪ್ಪತ್ತು ಸೆಕೆಂಡು ಫ್ಯಾನ್ ನೋಡಿದ್ದೆ. ತೀರ್ಥಹಳ್ಳಿ ಕಡೆಯ ಹಳ್ಳಿ, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಈಗ ಶಿವಮೊಗ್ಗದಲ್ಲಿ ಕೊನೇ ವರ್ಷದ ಬಿಕಾಂ. ಆವತ್ತು ಹಾಸ್ಟೆಲ್ಲಿಗೆ ಬಂದು ಅತ್ತು, ಮಾರನೇ ದಿನದಿಂದ ಶುರು ಮಾಡಿದ್ದು ಈ ಮೂರು ದಾರಿ: ದುಡ್ಡು ಕೊಟ್ಟು ಹೋಗೋ ಕಮ್ಯುನಿಕೇಶನ್ ಕ್ಲಾಸು, ಐಐಟಿಯಂಥ ಸಂಸ್ಥೆಗಳ ಆನ್‌ಲೈನ್ ಕೋರ್ಸ್ ಆದ ಎನ್‌ಪಿಟೆಲ್, ಟೋಸ್ಟ್‌ಮಾಸ್ಟರ್ಸ್ ಅನ್ನೋ ಭಾಷಣದ ಕ್ಲಬ್ಬಿನ ಜೂಮ್ ಮೀಟಿಂಗು. ಮೂರನ್ನೂ ಮುಗಿಸಿದ ಮೇಲೆ ಜೂನಿಯರ್‌ಗಳು ಕೇಳ್ತಾ ಇದ್ದಾರೆ, ಯಾವುದಕ್ಕೆ ಸೇರೋದು ಅಂತ. ಅದಕ್ಕೇ ಬರೀತಿದ್ದೇನೆ.

ದುಬಾರಿಯದ್ದರಿಂದಲೇ ಶುರು ಮಾಡ್ತೀನಿ. ದುರ್ಗಿಗುಡಿ ಕಡೆ ಒಂದು ಕ್ಲಾಸು. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ನಾವು. ಎರಡು ತಿಂಗಳಿಗೆ 6,500 ರೂಪಾಯಿ. ಸಂಜೆ ಒಂದೂವರೆ ಗಂಟೆ. ಸರ್ ಒಳ್ಳೆಯವರೇ, ತಮಾಷೆ ಮಾಡ್ತಾರೆ, ಯಾರನ್ನೂ ಹೀಯಾಳಿಸಲ್ಲ. ಮೊದಲ ದಿನ ಬೋರ್ಡಿನ ಮೇಲೆ ಏಳು 'ಸಿ' ಬರೆದರು: ಕ್ಲಿಯರ್, ಕನ್ಸೈಸ್, ಕಾಂಕ್ರೀಟ್ ಅಂತ ಏನೇನೋ. ಕಾಂಕ್ರೀಟ್ ಅಂದ ಕೂಡಲೇ ಹಿಂದಿನ ಬೆಂಚಿನ ಹುಡುಗ "ತಾರಸಿಗೆ ಹಾಕೋದಾ ಸರ್" ಅಂದ. ಅಲ್ಲಿಂದ ಎಲ್ಲರೂ ಫ್ರೆಂಡ್ಸ್ ಆದೆವು.

ತೊಂದರೆ ಇರೋದು ಲೆಕ್ಕದಲ್ಲಿ. ನಮ್ಮ ಬ್ಯಾಚಿನಲ್ಲಿ 22 ಜನ. ತೊಂಬತ್ತು ನಿಮಿಷದಲ್ಲಿ ಸರ್ ಐವತ್ತು ನಿಮಿಷ ಮಾತಾಡಿದರೆ ಉಳಿಯೋದು ನಲವತ್ತು. ಒಬ್ಬೊಬ್ಬರಿಗೆ ಎರಡು ನಿಮಿಷವೂ ಬರಲ್ಲ. ಮಾತಾಡೋದು ಕಲಿಯೋಕೆ ಹೋಗಿ ಕೇಳೋದು ಕಲಿತೆವು ಅಂತ ರೂಮ್‌ಮೇಟ್ ಹತ್ರ ನಗಾಡ್ತಿದ್ದೆ. ಅದೂ ಸಾಲದು ಅಂತ ಸೆಲ್ಫ್ ಇಂಟ್ರೊಡಕ್ಷನ್ನಿಗೆ ಎಲ್ಲರಿಗೂ ಒಂದೇ ಪ್ರಿಂಟೌಟ್. 22 ಜನರೂ ಹಾರ್ಡ್ ವರ್ಕಿಂಗ್, 22 ಜನರೂ ಪಂಕ್ಚುಯಲ್. ಹಾಗೆ ಹೇಳುತ್ತಿದ್ದವರಲ್ಲಿ ಅರ್ಧ ಜನ ಆವತ್ತೂ ಲೇಟಾಗಿ ಬಂದವರು.

ಇನ್ನೊಂದು ವಿಷಯಕ್ಕೆ ನನಗೆ ಈಗಲೂ ಸಿಟ್ಟಿದೆ. ಮಾತಿನಲ್ಲಿ ಪದಗಳ ಪಾಲು ಬರೀ ಶೇ. 7, ಉಳಿದ 93 ದನಿ ಮತ್ತು ಬಾಡಿ ಲಾಂಗ್ವೇಜ್, ಹಾಗಾಗಿ ಪದಕ್ಕೆ ಹೆದರಬೇಡಿ ಅಂತ ಹೇಳಿಕೊಟ್ಟರು. ಧೈರ್ಯ ತುಂಬೋಕೆ ಹೇಳಿದ್ದು, ಒಪ್ಪಿದೆ. ಆದರೆ ನಮ್ಮ ಅಪ್ಪಯ್ಯನಿಗೆ ಅಡಿಕೆ ಮಂಡಿಯಿಂದ ಇವತ್ತಿನ ರೇಟು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ವಾಟ್ಸಾಪಲ್ಲಿ ನಾಲ್ಕು ಸಾಲು ಬಂದರೆ ನೂರಕ್ಕೆ ನೂರು ಅರ್ಥ ಆಗುತ್ತಲ್ಲ, ಅಲ್ಲಿ ಯಾರ ಮುಖ ನೋಡ್ತಾರೆ? ಹುಡುಕಿ ನೋಡಿದರೆ, ಆ ಲೆಕ್ಕ ಬಂದದ್ದು 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳಿಂದ. ಬಿಡಿ ಬಿಡಿ ಪದಗಳನ್ನ ಬೇರೆ ಬೇರೆ ದನಿಯಲ್ಲಿ ಹೇಳಿಸಿ, ಮುಖದ ಫೋಟೋ ತೋರಿಸಿ, ಹೇಳೋರಿಗೆ ಇಷ್ಟ ಇದೆಯೋ ಇಲ್ಲವೋ ಅಂತ ಊಹಿಸೋಕೆ ಹೇಳಿದ್ದರು, ಅಷ್ಟೇ. ಎಲ್ಲಾ ಮಾತಿಗೂ ಇದು ಅನ್ವಯಿಸಲ್ಲ ಅಂತ ಅವರೇ ಹೇಳಿದ್ದಾರೆ. ಇಂಟರ್‌ವ್ಯೂನಲ್ಲಿ ನನಗೆ ಕೈಕೊಟ್ಟಿದ್ದು ಪದವೇ. ಪದ ಶೇ. 7 ಅಂತ ನಂಬಿಕೊಂಡು ಕೂತರೆ ಆಗುತ್ತಾ?

ಇಷ್ಟೆಲ್ಲ ಬೈದ ಮೇಲೂ ಒಂದು ಮಾತು ಹೇಳಲೇಬೇಕು. ಮಾತಾಡುವಾಗ ನಾನು ದುಪಟ್ಟಾದ ತುದಿಯನ್ನ ತೋರುಬೆರಳಿಗೆ ಸುತ್ತುತ್ತೇನೆ. ಬಿಚ್ಚುತ್ತೇನೆ, ಮತ್ತೆ ಸುತ್ತುತ್ತೇನೆ. ಇದು ನನಗೆ ಗೊತ್ತೇ ಇರಲಿಲ್ಲ. ಮೂರನೇ ವಾರ ಸರ್ ಏನೂ ಹೇಳದೆ ನನ್ನ ಕೈಗೊಂದು ಮಾರ್ಕರ್ ಪೆನ್ ಕೊಟ್ಟು "ಇದನ್ನ ಹಿಡ್ಕೊಂಡು ಮಾತಾಡಮ್ಮ" ಅಂದರು. ಬೆರಳು ಸುಮ್ನಾಯಿತು, ಮಾತೂ ನಿಧಾನಕ್ಕೆ ಬಂತು. ಎದೆಮಟ್ಟಕ್ಕೆ ತೋರಿಸೋ ಜೂಮ್ ಕ್ಯಾಮೆರಾದಲ್ಲಿ ಇದು ಯಾರಿಗೂ ಕಾಣಲ್ಲ.

ಎನ್‌ಪಿಟೆಲ್‌ನದ್ದು ಪೂರ್ತಿ ಬೇರೆ ಕಥೆ. ಅದನ್ನ ಮಾಡಿದ್ದು ಎಲ್ಲಕ್ಕಿಂತ ಮೊದಲು, ಜುಲೈ ಬ್ಯಾಚಿನಲ್ಲಿ. ಎಂಟು ವಾರ, ಐಐಟಿ ಪ್ರೊಫೆಸರ್ ಪಾಠ, ನೋಡೋಕೆ ದುಡ್ಡಿಲ್ಲ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ 1,000 ರೂಪಾಯಿ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಪಾಸಾಗೋಕೆ ಅಸೈನ್‌ಮೆಂಟಲ್ಲಿ 10, ಪರೀಕ್ಷೇಲಿ 30 ಬರಬೇಕು. ಎರಡೂ ಬರಬೇಕು, ಒಂದು ಬಂದರೆ ಸಾಲದು. ನನಗೆ ಒಟ್ಟು 71 ಬಂತು. 60 ದಾಟಿದ್ದಕ್ಕೆ ಸರ್ಟಿಫಿಕೇಟಿನ ಮೇಲೆ 'ಎಲೈಟ್' ಅಂತ ಇದೆ. ಆ ಕೋರ್ಸ್ ನಡೆದಷ್ಟೂ ದಿನ ನಾನು ಇಂಗ್ಲಿಷಲ್ಲಿ ಒಟ್ಟು ಮಾತಾಡಿದ್ದು ಬಸ್ಸಲ್ಲಿ ಯಾರೋ ಟೂರಿಸ್ಟಿಗೆ ಸಕ್ರೆಬೈಲು ಇಲ್ಲೇ ಇಳೀರಿ ಅಂದಿದ್ದು ಮಾತ್ರ. ತಮಾಷೆ ಅಲ್ಲ, ಎಲ್ಲಾ ಪ್ರಶ್ನೆಗೂ ಟಿಕ್ ಮಾಡೋದಷ್ಟೇ. ಬಾಯಿ ತೆಗೆಯದೇ ಕಮ್ಯುನಿಕೇಶನ್ನಲ್ಲಿ ಎಲೈಟ್ ಆಗಬಹುದು.

ಜೊತೆಗೆ ನಮ್ಮ ಮಳೆಗಾಲ. ಶನಿವಾರ ಊರಿಗೆ ಹೋದರೆ ಕರೆಂಟ್ ಇಲ್ಲ, ನೆಟ್‌ವರ್ಕ್ ಬೇಕು ಅಂದರೆ ತೋಟದ ಮೇಲಿನ ಗುಡ್ಡ ಹತ್ತಬೇಕು. ಕೊಡೆ ಹಿಡ್ಕೊಂಡು, ಕಾಲಿಗೆ ಹತ್ತಿ ರಕ್ತ ಹೀರೋ ಇಂಬಳ ಕಿತ್ತು ಹಾಕ್ತಾ ಅಸೈನ್‌ಮೆಂಟ್ ಸಬ್ಮಿಟ್ ಮಾಡಿದ್ದೇನೆ. ಎಂಟರಲ್ಲಿ ಚೆನ್ನಾಗಿ ಬಂದ ಆರನ್ನಷ್ಟೇ ಲೆಕ್ಕಕ್ಕೆ ತಗೋತಾರೆ ಅನ್ನೋ ನಿಯಮ ಇಲ್ಲದಿದ್ದರೆ ಆಗಸ್ಟ್ ತಿಂಗಳೇ ನನ್ನ ಕಥೆ ಮುಗಿಸಿರೋದು.

ಆದರೆ ಬರವಣಿಗೆ ಕಲಿತಿದ್ದು ಅಲ್ಲೇ. ಮೊದಲೆಲ್ಲ ನಾನು ಯಾರಿಗೇ ಮೇಲ್ ಹಾಕಿದರೂ "ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್" ಅಂತ ಶುರು, "ಕೈಂಡ್ಲಿ ಡೂ ದಿ ನೀಡ್‌ಫುಲ್" ಅಂತ ಮುಕ್ತಾಯ. ನಡುವೆ ಏನು ಬೇಕಾಗಿತ್ತು ಅನ್ನೋದು ಓದಿದವರಿಗೂ ಗೊತ್ತಾಗ್ತಿರಲಿಲ್ಲ, ನನಗೂ ಪೂರ್ತಿ ಗೊತ್ತಿರುತ್ತಿರಲಿಲ್ಲ. ಮಾರ್ಕ್ಸ್ ಕಾರ್ಡಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅದಕ್ಕೆ ಆಫೀಸೊಂದಕ್ಕೆ ಎರಡು ಮೇಲ್ ಹಾಕಿ ಒಂದೂವರೆ ತಿಂಗಳು ಕಾದಿದ್ದೆ. ಪಾಠದಲ್ಲಿ ಕೇಳಿದ ಹಾಗೆ ಮೂರನೇದನ್ನ ಬೇರೆ ಥರ ಬರೆದೆ: ಸಬ್ಜೆಕ್ಟ್ ಲೈನಿನಲ್ಲೇ ರಿಜಿಸ್ಟರ್ ನಂಬರ್, ಮೊದಲ ಸಾಲಿನಲ್ಲೇ ಏನು ತಿದ್ದಬೇಕು, ತಪ್ಪು ಸ್ಪೆಲಿಂಗ್ ಇದು, ಸರಿ ಸ್ಪೆಲಿಂಗ್ ಇದು, ಕೆಳಗೆ ಎಸ್ಸೆಸ್ಸೆಲ್ಸಿ ಕಾರ್ಡಿನ ಫೋಟೋ. ಐದು ಸಾಲು. ನಾಲ್ಕು ದಿನಕ್ಕೆ ಉತ್ತರ ಬಂತು. ಮೊದಲಿನೆರಡನ್ನ ಅವರು ತೆರೆದೇ ನೋಡಿರಲಿಲ್ಲವೋ ಏನೋ, ಆದರೂ ಕ್ರೆಡಿಟ್ ನಾನು ಪಾಠಕ್ಕೇ ಕೊಡ್ತೀನಿ.

ಟೋಸ್ಟ್‌ಮಾಸ್ಟರ್ಸ್ ಬಗ್ಗೆ ಹೇಳಿದ್ದು ಬೆಂಗಳೂರಿನಲ್ಲಿರೋ ಅತ್ತೆ ಮಗಳು. 1924ರಲ್ಲಿ ಅಮೆರಿಕದಲ್ಲಿ ಶುರುವಾದ ಭಾಷಣದ ಕ್ಲಬ್ಬು. ಮೆಂಬರ್ ಆದರೆ ಆರು ತಿಂಗಳಿಗೊಮ್ಮೆ ಡಾಲರ್ ಲೆಕ್ಕದಲ್ಲಿ ಕಟ್ಟಬೇಕು. ನಾನು ಕಟ್ಟಿಲ್ಲ. ಅವಳ ಕ್ಲಬ್ಬಿನ ಜೂಮ್ ಮೀಟಿಂಗಿಗೆ ಭಾನುವಾರ ಗೆಸ್ಟ್ ಆಗಿ ಐದು ಸಲ ಹೋದೆ, ಅಷ್ಟೇ. ಗೆಸ್ಟಿಗೆ ಸಿಗೋದು ಟೇಬಲ್ ಟಾಪಿಕ್ಸ್. ಅಲ್ಲೇ ಒಂದು ವಿಷಯ ಕೊಡ್ತಾರೆ, ಯೋಚನೆ ಮಾಡೋಕೆ ಟೈಮಿಲ್ಲ, ಒಂದರಿಂದ ಎರಡು ನಿಮಿಷ ಮಾತಾಡಬೇಕು. ಒಂದು ನಿಮಿಷಕ್ಕೆ ಟೈಮರ್ ಆದವರ ಸ್ಕ್ರೀನ್ ಹಸಿರಾಗುತ್ತೆ, ಒಂದೂವರೆಗೆ ಹಳದಿ, ಎರಡಕ್ಕೆ ಕೆಂಪು. 'ಆ... ಊ...' ಎಣಿಸೋಕೆ ಅಂತಲೇ ಒಬ್ಬರು ಇರ್ತಾರೆ. ಎಂಥಾ ಕೆಲಸ ನೋಡಿ!

ಮೊದಲ ಸಲ ನನಗೆ ಬಂದ ವಿಷಯ 'ಕೊಡೆ'. ಇಪ್ಪತ್ತು ಸೆಕೆಂಡು ಕೊಡೆ ಬಗ್ಗೆ ಏನೇನೋ ತಡವರಿಸಿ, ಕೊನೆಗೆ ನಮ್ಮ ಅಜ್ಜಯ್ಯನ ಕಾಲದ ಗೊರಬಿನ ವಿಷಯಕ್ಕೆ ಹಾರಿದೆ. ಗದ್ದೆ ನೆಟ್ಟಿ ಮಾಡುವಾಗ ತಲೆಯಿಂದ ಬೆನ್ನಿನ ತನಕ ಮುಚ್ಚೋ ಗೊರಬಿಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ಯಾರಿಗೆ ಗೊತ್ತು? ಎದ್ದು ನಿಂತು, ಬಗ್ಗಿ, ಬೆನ್ನ ಮೇಲೆ ಕೈ ಆಡಿಸಿ ತೋರಿಸಿದೆ. ಸ್ಕ್ರೀನ್ ಯಾವಾಗ ಹಳದಿ ಆಯ್ತೋ ಗೊತ್ತೇ ಆಗಲಿಲ್ಲ. ಆಮೇಲೆ ಎಣಿಸಿದವರು ಹೇಳಿದ್ದು: ಕೊಡೆ ಬಗ್ಗೆ ಹೇಳುವಾಗ ಒಂಬತ್ತು 'ಆಕ್ಚುಲಿ', ಗೊರಬು ಬಂದ ಮೇಲೆ ಒಂದೂ ಇಲ್ಲ. ಎರಡು ತಿಂಗಳ ಕ್ಲಾಸಿನಲ್ಲಿ ನನ್ನ ಮಾತನ್ನ ಇಷ್ಟು ಕಿವಿಗೊಟ್ಟು ಕೇಳಿದವರು ಯಾರೂ ಇರಲಿಲ್ಲ.

ಹಾಗಂತ ಅದೇ ಬೆಸ್ಟ್ ಅಂತ ಕಣ್ಣು ಮುಚ್ಚಿ ಹೇಳಲ್ಲ. ಅಲ್ಲಿರೋರೆಲ್ಲ ಕೆಲಸದಲ್ಲಿರೋರು, ಪಟಪಟ ಇಂಗ್ಲಿಷ್. ಕ್ಲಾಸಿನ ಹಾಗೆ ಬೆಂಚಿನ ಪಕ್ಕದವಳ ಕಡೆ ನೋಡಿ ನಗೋ ಹಾಗಿಲ್ಲ. ಮೂರನೇ ಸಲ ನನ್ನ ಸರದಿಗೆ ಸರಿಯಾಗಿ ಕರೆಂಟ್ ಹೋಯಿತು. ನಿಜ ಹೇಳಬೇಕು ಅಂದರೆ, ಆವತ್ತು ಖುಷಿಯೇ ಆಯ್ತು.

ಮತ್ತೆ ಮೊದಲಿಂದ ಶುರು ಮಾಡು ಅಂದರೆ ನಾನು ಮೊದಲು ಗೆಸ್ಟ್ ಆಗಿ ನಾಲ್ಕೈದು ಮೀಟಿಂಗಿಗೆ ಹೋಗ್ತೀನಿ, ಜೊತೆಗೆ ಎನ್‌ಪಿಟೆಲ್ ತಗೋತೀನಿ, ಅದೂ ಜುಲೈದಲ್ಲ, ಮಳೆ ಇಲ್ಲದ ಜನವರಿ ಬ್ಯಾಚು. 6,500 ಕೊಡೋ ಮೊದಲು ಬ್ಯಾಚಿನಲ್ಲಿ ಎಷ್ಟು ಜನ ಅಂತ ಕೇಳ್ತೀನಿ. ಹತ್ತಕ್ಕಿಂತ ಜಾಸ್ತಿ ಅಂದರೆ ಮೆಟ್ಟಿಲಿಳಿದು ಬರ್ತೀನಿ.

ಊರಲ್ಲಿ ಸರ್ಟಿಫಿಕೇಟ್ ನೋಡಿದ ಚಿಕ್ಕಮ್ಮನ ಮಗ ತನಗೂ ಸೇರಬೇಕು ಅಂದ. ಮೊಬೈಲಲ್ಲಿ ರೆಕಾರ್ಡ್ ಒತ್ತಿ, ಜಗಲಿ ಮೇಲೆ ಕೂರಿಸಿ, ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋದು ಹೇಗೆ ಅಂತ ಎರಡು ನಿಮಿಷ ಹೇಳು, ಯಾವ ಭಾಷೆಯಾದರೂ ಸರಿ ಅಂದೆ. ಮೈಲುತುತ್ತ, ಸುಣ್ಣ ಅಂತ ಜೋರಾಗಿ ಶುರು ಮಾಡಿದವನು ನಲವತ್ತನೇ ಸೆಕೆಂಡಿಗೆ ನಿಂತು, "ಅಕ್ಕ, ಇನ್ನೆಂತ ಹೇಳೋದು?" ಅಂತ ನನ್ನ ಮುಖ ನೋಡಿದ. ನಾನು ಟೈಮರ್ ತೋರಿಸಿದೆ. ಇನ್ನೂ ಹಸಿರು ಕೂಡ ಬಂದಿರಲಿಲ್ಲ.