ಅಗ್ಗದ ಸ್ಪ್ಲಿಟ್ ಕೀಬೋರ್ಡ್ ತಗೊಳ್ಳೋರು ದಯವಿಟ್ಟು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಎರಡು ಭಾಗದ ಕೀಬೋರ್ಡ್ ನಿಮ್ಮ ಹತ್ತಿರ ಇದ್ದರೆ, ಯುಎಸ್‌ಬಿ ಕಂಪ್ಯೂಟರಿಗೆ ಚುಚ್ಚಿರುವಾಗ ಮಧ್ಯದ ವೈರನ್ನು ಕೀಳಬೇಡಿ, ಹಾಕಲೂ ಬೇಡಿ. ಇದು ಗೊತ್ತಿಲ್ಲದೆ ನನ್ನ 4,600 ರೂಪಾಯಿ ಹೋಯಿತು.

ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಸಂಘದ ವರದಿ, ಕವನ ಸಂಕಲನ, ಏನು ಬಂದರೂ ಸರಿ. ಹೋದ ವರ್ಷದಿಂದ ಬಲಗೈ ಮಣಿಕಟ್ಟು ನೋವು. ಸಂಜೆ ರೊಟ್ಟಿ ತಟ್ಟಲೂ ಆಗುತ್ತಿರಲಿಲ್ಲ. ಸ್ಪ್ಲಿಟ್ ಕೀಬೋರ್ಡ್ ಆದರೆ ಎರಡು ಕೈಗಳನ್ನೂ ಭುಜದಷ್ಟು ಅಗಲ ಇಟ್ಟು ಟೈಪ್ ಮಾಡಬಹುದು, ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳುವುದಿಲ್ಲ. ಹೆಸರಾದ ಕಂಪನಿಗಳದ್ದು ನನ್ನ ಕೈಗೆ ಎಟುಕುವ ಬೆಲೆಯಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ 42 ಕೀಗಳ ಕಾರ್ನೆ ಮಾದರಿಯದ್ದು ತರಿಸಿದೆ. ಕಾರ್ನೆ ಯಾರು ಬೇಕಾದರೂ ತಯಾರಿಸಬಹುದಾದ ಮುಕ್ತ ವಿನ್ಯಾಸ. ವಿನ್ಯಾಸದ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಒಂದು ವಾರದಲ್ಲಿ ನೋವು ಕಡಿಮೆ ಆಗಿತ್ತು.

ತೊಂದರೆ ಶುರುವಾಗಿದ್ದು ಕನ್ನಡ ಟೈಪ್ ಮಾಡುವಾಗ. ನಾನು ಕಲಿತಿದ್ದು, ಯಾವ ಅಕ್ಷರ ಯಾವ ಕೀಯಲ್ಲಿ ಅನ್ನುವ ಕನ್ನಡ ಜೋಡಣೆಗಳಲ್ಲಿ ಒಂದಾದ ಇನ್‌ಸ್ಕ್ರಿಪ್ಟ್. ಅದರಲ್ಲಿ ‘ಡ’ ಇರುವುದು ಪಿ ಪಕ್ಕದ ಚೌಕ ಬ್ರಾಕೆಟ್ ಕೀಯಲ್ಲಿ. ಈ ಬೋರ್ಡ್‌ನಲ್ಲಿ ಆ ಕೀ ಇಲ್ಲವೇ ಇಲ್ಲ, ಪಿ ಆದಮೇಲೆ ಸೀದಾ ಬ್ಯಾಕ್‌ಸ್ಪೇಸ್. ‘ಡ’ ಬೇಕೆಂದರೆ ಹೆಬ್ಬೆರಳಿನಿಂದ ಲೇಯರ್ ಕೀ (ಉಳಿದ ಕೀಗಳು ಬೇರೆ ಅಕ್ಷರ ಕೊಡುವಂತೆ ಮಾಡುವ ಕೀ) ಒತ್ತಿ ಹಿಡಿದು, ಇನ್ನೊಂದು ಕೀ ಒತ್ತಬೇಕು. ಮಾಡು, ನೋಡು, ಕೊಡು, ಬೇಡ. ‘ಕನ್ನಡ’ ಅಂತ ಬರೆಯೋಕೂ ಅದು ಬೇಕು ಅಲ್ವಾ? ಅಂಕಿಗಳೂ ಲೇಯರ್‌ನಲ್ಲೇ. ನುಡಿ ತಂತ್ರಾಂಶದ ಕೆಜಿಪಿ ಜೋಡಣೆ ಕಲಿತವರಿಗೆ ಈ ಕಷ್ಟ ಕಡಿಮೆ, ಅಲ್ಲಿ ಅಕ್ಷರಗಳೆಲ್ಲ ಎ ಇಂದ ಝಡ್ ಒಳಗೇ ಮುಗಿಯುತ್ತವೆ.

ಕೀ ಜಾಗ ಬದಲಿಸಿಕೊಳ್ಳೋಣ ಅಂದುಕೊಂಡೆ. ಜಾಹೀರಾತಿನಲ್ಲಿ ‘ವಿಯಾ ಸಪೋರ್ಟ್ ಇದೆ’ ಅಂತ ದೊಡ್ಡದಾಗಿ ಬರೆದಿದ್ದರು. ವಿಯಾ ಅಂದರೆ ಯಾವ ಕೀ ಒತ್ತಿದರೆ ಏನು ಬರಬೇಕು ಅಂತ ಬದಲಿಸುವ ತಂತ್ರಾಂಶ. ಅದನ್ನು ತೆರೆದರೆ ಬೋರ್ಡ್ ಗುರುತೇ ಸಿಗಲಿಲ್ಲ. ಬೋರ್ಡಿನ ವಿವರ ತಿಳಿಸುವ ಒಂದು ಜೇಸನ್ ಫೈಲ್ ಅದಕ್ಕೆ ಬೇಕು. ಮಾರಿದವರನ್ನು ಮೂರು ಸಲ ಕೇಳಿದೆ. ‘ನಾಳೆ ಕಳಿಸ್ತೀವಿ’ ಅಂದರು. ಆ ನಾಳೆಗಳಲ್ಲೇ ವಾಪಸ್ ಕೊಡಲು ಇದ್ದ 7 ದಿನ ಕಳೆದುಹೋಯಿತು.

ಹನ್ನೆರಡನೇ ದಿನ ಮೇಜು ಒರೆಸಲು ಎರಡು ಭಾಗಗಳ ನಡುವಿನ ವೈರ್ ಕಿತ್ತೆ. ನೋಡೋಕೆ ಇಯರ್‌ಫೋನ್ ಪಿನ್ ತರಾನೇ ಇರುತ್ತದೆ. ಇಯರ್‌ಫೋನ್ ಕೀಳುವಾಗ ಯಾರೂ ಕಂಪ್ಯೂಟರ್ ಆಫ್ ಮಾಡುವುದಿಲ್ಲ. ಮತ್ತೆ ಸಿಕ್ಕಿಸಿದೆ. ಬಲ ಭಾಗ ಏಳಲೇ ಇಲ್ಲ.

ಮೊಬೈಲ್ ರಿಪೇರಿ ಮಾಡುವ ಪರಿಚಯದ ಹುಡುಗನ ಹತ್ತಿರ ಒಯ್ದೆ. ಮಲ್ಟಿಮೀಟರ್ ಇಟ್ಟು ನೋಡಿದ. “ಅಕ್ಕಾ, ಇದು ಬರೀ ಸೌಂಡ್ ಹೋಗೋ ವೈರ್ ಅಲ್ರೀ, ಇದ್ರಾಗ ಕರೆಂಟ್ ಹೋಗ್ತೈತಿ” ಅಂದ. ಆ ಪಿನ್ ಮೇಲೆ ನಾಲ್ಕು ಪಟ್ಟಿ ಇವೆ. ಒಂದರಲ್ಲಿ 5 ವೋಲ್ಟ್, ಒಂದು ಗ್ರೌಂಡ್, ಇನ್ನೊಂದರಲ್ಲಿ ಎರಡು ಭಾಗಗಳು ಮಾತಾಡುವ ಸಿಗ್ನಲ್. ಪಿನ್ ಒಳಗೆ ಜಾರುವಾಗ, ಹೊರಗೆ ಬರುವಾಗ ಒಂದು ಪಟ್ಟಿ ಇನ್ನೊಂದರ ಜಾಗ ಮುಟ್ಟಿಕೊಂಡೇ ಹೋಗುತ್ತದೆ. ಆ ಕ್ಷಣದ ಶಾರ್ಟ್‌ಗೆ ಚಿಪ್ ಸುಡಬಹುದು. ಇಂಥ ಕೀಬೋರ್ಡ್ ಕಟ್ಟುವವರಿಗೆಲ್ಲ ಗೊತ್ತಿರುವ ವಿಷಯವಂತೆ. ನನಗೆ ಬಂದ ಡಬ್ಬಿಯಲ್ಲಿ ಒಂದು ಚೀಟಿ ಕೂಡ ಇರಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಇದೇ.

ಹೊಸ ಚಿಪ್ ಹಾಕಬಹುದಿತ್ತು. ಆದರೆ ಚಿಪ್ ಇರುವ ಪ್ರೋ ಮೈಕ್ರೋ ಅನ್ನೋ ಪುಟ್ಟ ಬೋರ್ಡನ್ನು, ಬಿಚ್ಚಿ ಮತ್ತೆ ಕೂರಿಸಬಹುದಾದ ಸಾಕೆಟ್ ಇಲ್ಲದೆ, ನೇರ ಬೆಸುಗೆ ಹಾಕಿದ್ದಾರೆ. 24 ಪಿನ್ ಬಿಡಿಸಬೇಕು. ಹುಡುಗ ಪ್ರಯತ್ನ ಪಟ್ಟ, ಕೆಳಗಿನ ತಾಮ್ರದ ಗೆರೆಯೇ ಎದ್ದು ಬಂತು. ಮಾರಿದವರು ‘ಗ್ರಾಹಕರ ತಪ್ಪು’ ಅಂತ ಒಂದೇ ಸಾಲು ಬರೆದು ಸುಮ್ಮನಾದರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ತಗೊಳ್ಳಲೇಬೇಕು ಅನ್ನೋರು ದುಡ್ಡು ಕಳಿಸುವ ಮುಂಚೆಯೇ ಜೇಸನ್ ಫೈಲ್ ಕೇಳಿ ಪಡೆಯಿರಿ. ಚಿಪ್ ಸಾಕೆಟ್ ಮೇಲೆ ಕೂತಿದೆಯಾ ಅಂತ ಫೋಟೋ ತರಿಸಿ. ಇನ್‌ಸ್ಕ್ರಿಪ್ಟ್‌ನವರು 42ರ ಬದಲು 58 ಕೀಗಳಂಥದ್ದು ನೋಡಿ, ಅದರಲ್ಲೂ ಬ್ರಾಕೆಟ್ ಕೀ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿ. ಇನ್ನೊಂದು ಸುಲಭದ ಕೆಲಸ ಇದೆ. ಕೀಬೋರ್ಡ್ ಚಿತ್ರವನ್ನು ನಿಜವಾದ ಅಳತೆಯಲ್ಲೇ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಅದರ ಮೇಲೆ ಕೈ ಇಟ್ಟು ನಾಲ್ಕು ಸಾಲು ಕನ್ನಡ ‘ಟೈಪ್’ ಮಾಡಿ ನೋಡಿ. ಜೆರಾಕ್ಸ್ ಅಂಗಡಿಯಲ್ಲಿ ಹತ್ತು ರೂಪಾಯಿ ಒಳಗೆ ಮುಗಿಯುತ್ತದೆ.

ನನ್ನದರ ಎಡ ಭಾಗ ಇನ್ನೂ ಚೆನ್ನಾಗಿದೆ. ದಾವಣಗೆರೆಯವರು ಯಾರಾದರೂ ಕೊಳ್ಳುವ ಯೋಚನೆಯಲ್ಲಿದ್ದರೆ ಹೇಳಿ, ಒಂದೆರಡು ದಿನ ಇಟ್ಟುಕೊಂಡು ಬೆರಳು ಹೊಂದುತ್ತಾ ಅಂತ ನೋಡಿ ವಾಪಸ್ ಕೊಡಿ.